ದೇವರೆಲ್ಲ ರೋಮಿಂಗಿನಲ್ಲಿದ್ದ ಕಾಲ

ಅಮೆರಿಕದಿಂದ ಬರುವ ಸೂಟ್‌ಕೇಸಿಗೆ ಒಂದು ಕಾಲದಲ್ಲಿ ಗೊತ್ತಾದ ಕ್ರಮವಿತ್ತು. ಅಡಿಯಲ್ಲಿ ಬಾದಾಮಿ, ಅದರ ಮೇಲೆ ಚಾಕೊಲೇಟು, ಸಂದಿಗೊಂದಿಯಲ್ಲಿ ಸೆಂಟಿನ ಬಾಟಲಿ, ವಿಟಮಿನ್ ಮಾತ್ರೆ, ಖಾಲಿ ಜಿಪ್‌ಲಾಕ್ ಚೀಲಗಳು. ಇವೆಲ್ಲದರ ನಡುವೆ ಕಾಲುಚೀಲದೊಳಗೆ ಮಲಗಿಸಿದ ಒಂದು ಮೊಬೈಲ್ ಫೋನು. ಬಾದಾಮಿಯನ್ನು ಎಣಿಸಿ ಹಂಚಬಹುದು, ಚಾಕೊಲೇಟನ್ನು ಮುರಿದು ಹಂಚಬಹುದು. ಫೋನನ್ನು ಹಂಚುವುದು ಹೇಗೆ? ಅದು ಯಾರಿಗೆ ಸೇರಬೇಕು ಎಂಬ ಒಂದೇ ಕಾರಣಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳನ್ನು ನಾನು ಬಲ್ಲೆ. ಪಾಪ, ಜಗಳ ಗೆದ್ದವನಿಗೆ ಆಮೇಲೆ ಗೊತ್ತಾಗುತ್ತಿತ್ತು, ಆ ಫೋನಿನಲ್ಲೂ ಮಾತು ಹೊರಡುವುದಿಲ್ಲ ಎಂದು.

ನಮ್ಮ ಮನೆಗೂ ಅಂಥದೊಂದು ಬಂತು. ನ್ಯೂಜೆರ್ಸಿಯಲ್ಲಿ ಕೆಲಸಕ್ಕೆ ಸೇರಿದ್ದ ಮಗ ಹೊಸ ಫೋನು ತೆಗೆದುಕೊಂಡು, ಹಳೆಯ ನೋಕಿಯಾವನ್ನು ಊರಿಗೆ ಬರುತ್ತಿದ್ದ ಗೆಳೆಯನ ಕೈಲಿ ಅಪ್ಪನಿಗೆಂದು ಕಳಿಸಿದ್ದ. ನಮ್ಮ ಯಜಮಾನರು ಬ್ಯಾಂಕಿನಲ್ಲಿ ಜೀವಮಾನವೆಲ್ಲ ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕಿ ನಿವೃತ್ತರಾದವರು. ಸಿಮ್ ಹಾಕಿ ಆನ್ ಮಾಡಿದರು. ಈ ಸಿಮ್ ನಡೆಯುವುದಿಲ್ಲ ಎಂದು ಪರದೆಯ ಮೇಲೆ ಒಂದು ಸಾಲು ಬಂತು. ಸಿಮ್ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ, ಉಫ್ ಎಂದು ಊದಿ, ಮತ್ತೆ ಹಾಕಿದರು. ಅದೇ ಸಾಲು. ಕನ್ನಡಕ ಹಣೆಗೇರಿಸಿಕೊಂಡು, "ಸಿಮ್‌ನಲ್ಲೇನೂ ದೋಷ ಇಲ್ಲ ಕಣೇ. ಇದಕ್ಕೆ ನಮ್ಮನ್ನ ಕಂಡರೆ ಆಗ್ತಿಲ್ಲ, ಅಷ್ಟೇ" ಅಂದರು.

ಸಿಟ್ಟಿನಲ್ಲಿ ಆಡಿದ ಮಾತಾದರೂ ಅದು ತಾಂತ್ರಿಕವಾಗಿ ಅಕ್ಷರಶಃ ನಿಜ. ಪ್ರತಿ ಸಿಮ್ಮಿನ ಹೊಟ್ಟೆಯಲ್ಲೂ ಒಂದು ಉದ್ದನೆಯ ಸಂಖ್ಯೆ ಇರುತ್ತದೆ. ಅದರ ಮೊದಲ ಮೂರು ಅಂಕಿ ದೇಶವನ್ನು ಹೇಳುತ್ತದೆ, ಮುಂದಿನ ಎರಡು ಮೂರು ಅಂಕಿ ಕಂಪನಿಯನ್ನು ಹೇಳುತ್ತದೆ. ಬೀಗ ಹಾಕಿದ ಫೋನು ಕಣ್ಣು ಬಿಟ್ಟ ಕೂಡಲೇ ಮಾಡುವ ಕೆಲಸ ಇವನ್ನು ಓದುವುದು. ತನ್ನ ಕಂಪನಿಯವರಲ್ಲ ಎಂದು ಗೊತ್ತಾದರೆ ಮುಖ ತಿರುಗಿಸುತ್ತದೆ. ಅಮೆರಿಕದ ಸಿಮ್ಮುಗಳು ಸಾಮಾನ್ಯವಾಗಿ 310ರಿಂದ ಶುರುವಾಗುತ್ತವೆ. ಭಾರತಕ್ಕೆ ಸಿಕ್ಕಿರುವುದು 404 ಮತ್ತು 405. ಇಂಟರ್ನೆಟ್ಟಿನಲ್ಲಿ ಹುಡುಕಿದ್ದು ಸಿಗದೇ ಹೋದಾಗ ಬರುವುದೂ ಇದೇ 404. ನೂರು ಕೋಟಿ ಜನರ ದೇಶಕ್ಕೆ ಹುಡುಕಿ ಹುಡುಕಿ ಈ ಅಂಕಿಯನ್ನು ಕೊಟ್ಟವರು ಯಾರೋ, ಅವರಿಗೆ ನನ್ನದೊಂದು ನಮಸ್ಕಾರ.

ಬೀಗಕ್ಕೆ ಕಾರಣವೂ ಇತ್ತು. ಅಲ್ಲಿನ ಕಂಪನಿಗಳು ಎರಡು ವರ್ಷದ ಕರಾರು ಬರೆಸಿಕೊಂಡು ಫೋನನ್ನು ಪುಕ್ಕಟೆಯಾಗಿಯೋ ಅರ್ಧ ಬೆಲೆಗೋ ಕೊಡುತ್ತಿದ್ದವು. ಅದರ ದುಡ್ಡನ್ನು ತಿಂಗಳ ಬಿಲ್ಲಿನಲ್ಲಿ ಸದ್ದಿಲ್ಲದೆ ವಸೂಲು ಮಾಡುತ್ತಿದ್ದವು. ಗಿರಾಕಿ ಫೋನು ಸಮೇತ ಬೇರೆ ಕಂಪನಿಗೆ ಓಡಿಹೋಗದಿರಲಿ ಎಂದು ಬೀಗ. ಅಲ್ಲಿಯವರೆಗೆ ನ್ಯಾಯವೇ. ಆದರೆ ಕರಾರು ಮುಗಿದ ಮೇಲೂ ಬೀಗ ತಾನಾಗಿ ಬಿಡುತ್ತಿರಲಿಲ್ಲ. "ಸಾಲ ತೀರಿದ ಮೇಲೂ ಹಿಡಿದಿಟ್ಟುಕೊಂಡರೆ ಅದಕ್ಕೆ ಏನಂತಾರೆ ಗೊತ್ತಾ?" ಎಂದು ಇವರು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರೂ ಹೇಳಲಿಲ್ಲ. ನಮ್ಮಲ್ಲಿ ಈ ವ್ಯವಹಾರವೇ ಅಪರೂಪ. ಫೋನಿಗೆ ಪೂರ್ತಿ ದುಡ್ಡು ಕೊಟ್ಟು, ಯಾವ ಸಿಮ್ ಬೇಕೋ ಅದನ್ನು ತುರುಕಿಕೊಳ್ಳುವ ಜನ ನಾವು. 2003ರಲ್ಲಿ ರಿಲಯನ್ಸ್‌ನವರು 501 ರೂಪಾಯಿಗೆ ಕೈಗೆ ಫೋನು ಕೊಟ್ಟಾಗ ಮಾತ್ರ ಅದರಲ್ಲಿ ಬದಲಿಸಲು ಸಿಮ್ಮೇ ಇರಲಿಲ್ಲ. ಉಳಿದಂತೆ ಬೀಗದ ಫೋನುಗಳು ಬಹುಪಾಲು ವಿಮಾನದಲ್ಲೇ ಬಂದವು.

ವಿಮಾನದಲ್ಲಿ ಬಂದ ಬೀಗ ತೆಗೆಯುವ ಜಾಗ ಮೆಜೆಸ್ಟಿಕ್ಕಿನ ಮಗ್ಗುಲಲ್ಲೇ ಇತ್ತು, ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟು. ಒಬ್ಬರು ಹೊರಗೆ ಬಂದರೆ ಇನ್ನೊಬ್ಬರು ಒಳಗೆ ಹೋಗಬಹುದಾದ ಓಣಿ, ತಲೆಗೆ ತಾಗುವಂತೆ ನೇತು ಹಾಕಿದ ಮೊಬೈಲ್ ಕವರುಗಳು, ಒಂದು ಮೇಜಿನಷ್ಟೇ ಅಗಲದ ಅಂಗಡಿಗಳು. ಆ ಮೇಜಿನ ಹಿಂದೆ ಮೀಸೆ ಈಗಷ್ಟೇ ಚಿಗುರುತ್ತಿದ್ದ ಒಬ್ಬ ಹುಡುಗ. ಫೋನನ್ನು ಕೈಗೆ ತೆಗೆದುಕೊಳ್ಳದೆಯೇ, "ಯುಎಸ್ ಸೆಟ್ಟಾ ಅಂಕಲ್?" ಎಂದ. ಸ್ಟಾರ್, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಎಂದು ಅವನು ಒತ್ತಿದಾಗ ಪರದೆಯ ಮೇಲೆ ಹದಿನೈದು ಅಂಕಿಗಳು ಮೂಡಿದವು. ಅದು ಫೋನಿನ ಜಾತಕ. ಜಗತ್ತಿನಲ್ಲಿ ಯಾವ ಎರಡು ಫೋನಿಗೂ ಅದು ಒಂದೇ ಇರಕೂಡದು. ಅದನ್ನೂ ಕಂಪನಿಯ ಹೆಸರನ್ನೂ ಕಂಪ್ಯೂಟರಿಗೆ ಕೊಟ್ಟು ಒಂದು ಗುಪ್ತ ಸಂಖ್ಯೆ ತೆಗೆದ. ಅದನ್ನು ಫೋನಿಗೆ ಉಣಿಸುವುದೂ ಒಂದು ವಿದ್ಯೆ. ಸ್ಟಾರ್ ಗುಂಡಿಯನ್ನೇ ಬೇರೆ ಬೇರೆ ಸಲ ಒತ್ತಿ ಪಿ, ಡಬ್ಲ್ಯೂ, ಪ್ಲಸ್ಸು ಬರಿಸಬೇಕು. "ಐದು ಸಲ ತಪ್ಪಾದರೆ ಮುಗೀತು ಅಂಕಲ್, ಆಮೇಲೆ ಕೋಡ್ ನಡೆಯಲ್ಲ, ಕೇಬಲ್ಲೇ ಹಾಕಬೇಕು" ಎಂದು ಹೇಳುತ್ತಲೇ, ಕಣ್ಣು ಎದುರಿನ ಅಂಗಡಿಯ ಟಿವಿಯ ಕ್ರಿಕೆಟ್ಟಿನ ಮೇಲೆ, ಹೆಬ್ಬೆರಳು ಗುಂಡಿಯ ಮೇಲೆ.

ಇವರಿಗೆ ಆತಂಕ ಶುರುವಾಯಿತು. ದುಡ್ಡಿನದಲ್ಲ, ಕಾನೂನಿನದು. "ಇದೆಲ್ಲ ಲೀಗಲ್ ಏನಪ್ಪ?" ಎಂದು ಮೆಲ್ಲಗೆ ಕೇಳಿದರು.

"ಫೋನ್ ಯಾರ್ದು ಅಂಕಲ್?"

"ನಮ್ದು."

"ಮತ್ತೆ?"

ಅಲ್ಲಿಗೆ ವಾದ ಮುಗಿಯಿತು. ನಿರ್ಬಂಧ ತೆರವಾಯಿತು ಎಂದು ಫೋನೂ ಒಪ್ಪಿಕೊಂಡಿತು. ಇವರು ಮುನ್ನೂರನ್ನು ಇನ್ನೂರೈವತ್ತಕ್ಕೆ ಇಳಿಸಿದರು.

ಆ ಹುಡುಗ 'ಮತ್ತೆ' ಎಂಬ ಒಂದೇ ಮಾತಿನಲ್ಲಿ ತೀರ್ಮಾನಿಸಿದ ಮೊಕದ್ದಮೆಯನ್ನು ಅಮೆರಿಕ ವರ್ಷಗಟ್ಟಲೆ ಎಳೆದಾಡಿತು. ಸಿನಿಮಾ, ಹಾಡು ಕದಿಯುವವರನ್ನು ಹಿಡಿಯಲೆಂದು ಅಲ್ಲಿ 1998ರಲ್ಲಿ ಮಾಡಿದ ಕೃತಿಸ್ವಾಮ್ಯದ ಕಾನೂನೊಂದರ ಬಲೆಗೆ ಫೋನಿನ ಬೀಗವೂ ಬಿತ್ತು. ಅದರಿಂದ ವಿನಾಯಿತಿ ಕೊಡುವ ಅಧಿಕಾರ ಯಾರಿಗೆ ಅಂದುಕೊಂಡಿರಿ? ಅಮೆರಿಕದ ಸಂಸತ್ತಿನ ಗ್ರಂಥಾಲಯದ ಮುಖ್ಯಸ್ಥರಿಗೆ. ಮೂರು ವರ್ಷಕ್ಕೊಮ್ಮೆ ಅವರು ಪುಸ್ತಕಗಳ ನಡುವಿನಿಂದ ತಲೆಯೆತ್ತಿ, ಫೋನಿನ ಬೀಗ ತೆಗೆಯಬಹುದೋ ಬಾರದೋ ಹೇಳಬೇಕು. 2006ರಲ್ಲಿ ಆಗಬಹುದು ಅಂದರು. 2012ರಲ್ಲಿ ಮನಸ್ಸು ಬದಲಾಯಿಸಿದರು. ಹೊಸದಾಗಿ ಕೊಂಡ ಫೋನಿನ ಬೀಗವನ್ನು ಕಂಪನಿಯ ಅಪ್ಪಣೆಯಿಲ್ಲದೆ ತೆಗೆಯುವುದು 2013ರ ಜನವರಿ 26ರಿಂದ ಕಾನೂನುಬಾಹಿರವಾಯಿತು. ನಾವು ಬಾವುಟ ಹಾರಿಸಿ ಬೂಂದಿ ಹಂಚುತ್ತಿದ್ದ ದಿನವೇ ಅಲ್ಲಿ ಫೋನುಗಳು ಮತ್ತೆ ಜೈಲಿಗೆ ಹೋದವು. ಒಂದು ಲಕ್ಷ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ ಅಧ್ಯಕ್ಷರ ಕಚೇರಿಗೆ ಮನವಿಗೆ ಸಹಿ ಹಾಕಿದರು. ಕೊನೆಗೆ 2014ರ ಆಗಸ್ಟ್ 1ರಂದು ಬರಾಕ್ ಒಬಾಮ ಹೊಸ ಕಾನೂನಿಗೆ ಸಹಿ ಹಾಕಿ, ನಿಮ್ಮ ಫೋನು ನಿಮ್ಮದೇ ಎಂದು ಒಪ್ಪಿಕೊಂಡರು. ಪೇಪರಿನಲ್ಲಿ ಸುದ್ದಿ ಓದಿದ ಇವರು, "ಆ ಹುಡುಗ ಅವತ್ತೇ ಹೇಳಿದ್ದ" ಎಂದು ಪತ್ರಿಕೆ ಮಡಿಚಿಟ್ಟರು. ಆಮೇಲೆ ಕೆನಡಾದವರು 2017ರ ಡಿಸೆಂಬರಿನಿಂದ ಬೀಗ ತೆಗೆಯಲು ಶುಲ್ಕ ಕೇಳಬಾರದು ಎಂದರು. ಬ್ರಿಟನ್ನಿನವರು 2021ರ ಡಿಸೆಂಬರಿನಿಂದ ಬೀಗ ಹಾಕಿದ ಫೋನು ಮಾರಲೇಬಾರದು ಎಂದರು.

ಈ ಕಸುಬಿನಲ್ಲಿ ಎಲ್ಲರ ಅದೃಷ್ಟ ಒಂದೇ ಥರ ಇರಲಿಲ್ಲ. 2007ರಲ್ಲಿ ಐಫೋನ್ ಬಂದ ಎರಡೇ ತಿಂಗಳಿಗೆ ಅದರ ಬೀಗ ಮುರಿದವನು ನ್ಯೂಜೆರ್ಸಿಯ ಜಾರ್ಜ್ ಹಾಟ್ಜ್ ಎಂಬ ಹದಿನೇಳರ ಹುಡುಗ. ಬೀಗ ಬಿಚ್ಚಿದ ಆ ಫೋನನ್ನು ಕೊಟ್ಟು ಅವನು ಬದಲಿಗೆ ಒಂದು ನಿಸ್ಸಾನ್ ಸ್ಪೋರ್ಟ್ಸ್ ಕಾರನ್ನೂ ಮೂರು ಹೊಸ ಐಫೋನುಗಳನ್ನೂ ಪಡೆದ. ನಮ್ಮ ನ್ಯಾಷನಲ್ ಮಾರ್ಕೆಟ್ಟಿನ ಹುಡುಗನಿಗೆ ಸಿಕ್ಕಿದ್ದು ಇನ್ನೂರೈವತ್ತು. ಅದರಲ್ಲೂ ಚೌಕಾಸಿ.

ಬೀಗ ಬಿಟ್ಟ ಫೋನು ಮಾತಾಡತೊಡಗಿತು. ಆದರೆ ಮನೆಯಲ್ಲಿ ಕೂತು ಮಾತಾಡುವುದು ಬೇರೆ, ಊರು ಬಿಟ್ಟು ಹೋಗಿ ಮಾತಾಡುವುದು ಬೇರೆ. ಭಾರತದ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು, ಕಲ್ಕತ್ತೆಯಿಂದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸಚಿವ ಸುಖರಾಮ್ ಅವರಿಗೆ ಮಾಡಿದ್ದು. ಆಗಿನಿಂದ 2003ರವರೆಗೆ ಕರೆ ಮಾಡಿದವನೂ ದುಡ್ಡು ಕೊಡಬೇಕು, ಎತ್ತಿದವನೂ ದುಡ್ಡು ಕೊಡಬೇಕು. ಯಾರಾದರೂ ನಿಮ್ಮನ್ನು ಬೈಯಲು ಫೋನು ಮಾಡಿದರೂ ಬೈಸಿಕೊಂಡದ್ದಕ್ಕೆ ನಿಮ್ಮ ಕರೆನ್ಸಿ ಹೋಗುತ್ತಿತ್ತು. ಆ ವರ್ಷದ ಮೇ ತಿಂಗಳಿಂದ ಇನ್‌ಕಮಿಂಗ್ ಪುಕ್ಕಟೆಯಾಯಿತು. ಸ್ವಂತ ರಾಜ್ಯದಲ್ಲಿದ್ದರೆ ಮಾತ್ರ.

ಸರ್ಕಾರ ಫೋನ್ ಕಂಪನಿಗಳಿಗೆಂದು ದೇಶವನ್ನು ಸರ್ಕಲ್ಲುಗಳಾಗಿ ಕೊಯ್ದಿತ್ತು. ನಮ್ಮದು ಕರ್ನಾಟಕ ಸರ್ಕಲ್ಲು. ಅತ್ತಿಬೆಲೆಯ ಹತ್ತಿರ ಕಾರ್ಖಾನೆಯ ಗೋಡೆಯ ಈಚೆ ನಿಂತವನು ಲೋಕಲ್ಲು, ಬೀಡಿ ಸೇದಲು ಆಚೆ ಹೋದವನು ರೋಮಿಂಗು. ತಲಪಾಡಿ ದಾಟಿದರೆ ರೋಮಿಂಗು, ನಿಪ್ಪಾಣಿ ದಾಟಿದರೆ ರೋಮಿಂಗು. ಗಡಿ ವಿವಾದಕ್ಕೆ ಎಷ್ಟು ಆಯೋಗ ಕೂತರೂ ಸಿಗದ ಉತ್ತರವನ್ನು, ನೀವು ಈಗ ಇಂಥ ರಾಜ್ಯದಲ್ಲಿದ್ದೀರಿ, ಸುಸ್ವಾಗತ ಎಂಬ ಒಂದು ಎಸ್ಸೆಮ್ಮೆಸ್ಸು ಕೊಟ್ಟುಬಿಡುತ್ತಿತ್ತು.

ನಮ್ಮ ಕಷ್ಟವೆಂದರೆ ನಮ್ಮ ದೇವರುಗಳೆಲ್ಲ ರೋಮಿಂಗಿನಲ್ಲೇ ನೆಲೆಸಿದ್ದರು. ಮನೆದೇವರು ತಿರುಪತಿ ತಿಮ್ಮಪ್ಪ ಆಂಧ್ರ ಸರ್ಕಲ್ಲು. ರಾಯಚೂರಿನ ಕಡೆಯಿಂದ ಹೋದರೆ ತುಂಗಭದ್ರೆ ದಾಟುವಷ್ಟರಲ್ಲಿ ಮಂತ್ರಾಲಯದ ರಾಯರೂ ಅದೇ ಸರ್ಕಲ್ಲು. ಪಂಢರಪುರದ ವಿಠ್ಠಲನೂ ಶಿರಡಿಯ ಬಾಬಾ ಅವರೂ ಮಹಾರಾಷ್ಟ್ರದ ಪಾಲು, ಅಯ್ಯಪ್ಪ ಕೇರಳದ ಪಾಲು. ಕುಕ್ಕೆ ಸುಬ್ರಹ್ಮಣ್ಯನೂ ಧರ್ಮಸ್ಥಳದ ಮಂಜುನಾಥನೂ ನಮ್ಮ ಸರ್ಕಲ್ಲಿನಲ್ಲೇ ಉಳಿದು ಭಕ್ತರ ಕರೆನ್ಸಿ ಕಾಪಾಡಿದರು, ನಿಜ. ಆದರೆ ಅಲ್ಲಿಗೆ ಹೋಗುವಾಗ ಘಟ್ಟದಲ್ಲಿ ಸಿಗ್ನಲ್ಲೇ ಇರುತ್ತಿರಲಿಲ್ಲ.

ನಮ್ಮ ಅತ್ತೆಯವರು ರೋಮಿಂಗನ್ನು ಅರ್ಥ ಮಾಡಿಕೊಂಡದ್ದು ತಮಗೆ ಗೊತ್ತಿದ್ದ ಒಂದೇ ಶಾಸ್ತ್ರದಿಂದ. ಗಡಿ ದಾಟಿದ ಫೋನು ಮೈಲಿಗೆ. ಮುಳಬಾಗಿಲು ಕಳೆದು ನಂಗಲಿ ಬಂದ ಕೂಡಲೇ ಅದನ್ನು ಆಫ್ ಮಾಡಿಸಿ, ಚೀಲದ ತಳಕ್ಕೆ ಹಾಕಿಸಿ, ಮೇಲೆ ಟವೆಲು ಮುಚ್ಚಿಸುತ್ತಿದ್ದರು. ವಾಪಸು ಬರುವಾಗ ನಂಗಲಿ ದಾಟುವ ತನಕ ಯಾರೂ ಅದನ್ನು ಮುಟ್ಟುವಂತಿಲ್ಲ. ತೀರ ಅಗತ್ಯ ಬಿದ್ದರೆ ಮಿಸ್ಡ್ ಕಾಲಿಗೆ ಮಾತ್ರ ವಿನಾಯಿತಿ, ಎತ್ತದ ಕರೆಗೆ ಕಾಸಿಲ್ಲವಲ್ಲ. ತಲುಪಿದರೆ ಒಂದು ರಿಂಗು, ದರ್ಶನವಾದರೆ ಎರಡು, ಪ್ರಸಾದದ ಲಡ್ಡು ಕೇಳಿದಷ್ಟು ಸಿಕ್ಕರೆ ಮೂರು. ಸಂಕೇತವೇನೋ ಪಕ್ಕಾ ಇತ್ತು. ಆದರೆ ಊರಿನಲ್ಲಿ ಮೈದುನನ ಮಗು ಓಡಿಬಂದು ಮೊದಲ ರಿಂಗಿಗೇ ಫೋನೆತ್ತಿ "ಹಲೋ ಅಜ್ಜೀ" ಎಂದುಬಿಡುತ್ತಿತ್ತು. ಆ ಎರಡು ಮಾತಿಗೆ ಒಂದು ನಿಮಿಷದ ದುಡ್ಡು. ತಿಮ್ಮಪ್ಪನ ಮುಂದೆ ನಿಂತೂ ಅತ್ತೆಯವರು ಆ ನಿಮಿಷವನ್ನು ಮರೆಯುತ್ತಿರಲಿಲ್ಲ. ಕಾಲಕ್ರಮೇಣ ಆ ಶಾಸ್ತ್ರ ಸಡಿಲವಾಯಿತು. 2015ರ ಜೂನ್ 15ರಿಂದ ಬಿಎಸ್ಸೆನ್ನೆಲ್ ರೋಮಿಂಗಿನಲ್ಲೂ ಇನ್‌ಕಮಿಂಗ್ ಉಚಿತ ಎಂದಿತು. ಮರುವರ್ಷ ಜಿಯೊ ಬಂದು ಉಳಿದ ಗಡಿಗಳನ್ನೂ ಅಳಿಸಿತು. ಅಷ್ಟರಲ್ಲಿ ಅತ್ತೆಯವರು ಯಾವ ಸರ್ಕಲ್ಲಿಗೂ ಸೇರದ ಊರಿಗೆ ಹೋಗಿಬಿಟ್ಟಿದ್ದರು.

ಆದರೆ ಇವೆಲ್ಲ ದೇಶದೊಳಗಿನ ಮಾತು. ಸಮುದ್ರ ದಾಟಿದ ರೋಮಿಂಗಿನ ಬಣ್ಣವೇ ಬೇರೆ. ಫಿನ್‌ಲೆಂಡಿನ ಮತ್ತು ಬ್ರಿಟನ್ನಿನ ಕಂಪನಿಗಳೆರಡು 1992ರಲ್ಲಿ ಮೊದಲ ಒಪ್ಪಂದ ಮಾಡಿಕೊಂಡಾಗಿನಿಂದ ಅದರ ಸೂತ್ರ ಒಂದೇ. ನೀವು ಎಲ್ಲಿಗೇ ಹೋಗಿ, ನಿಮ್ಮ ನಂಬರಿನ ಮನೆ ಊರಿನಲ್ಲೇ ಇರುತ್ತದೆ. ಹೊರದೇಶದಲ್ಲಿ ಫೋನು ಆನ್ ಮಾಡಿದ ಕೂಡಲೇ ಅಲ್ಲಿನ ಕಂಪನಿ ನಿಮ್ಮ ಊರಿನ ಕಂಪನಿಯನ್ನು, ಈ ಮನುಷ್ಯ ನಿಮ್ಮವನೇನಾ ಎಂದು ಕೇಳುತ್ತದೆ. ಹೌದು, ಏನೇ ಕೊಟ್ಟರೂ ದುಡ್ಡು ನಮ್ಮದು ಎಂದು ಇದು ಹೇಳುತ್ತದೆ. ಇನ್ನು ಯಾರಾದರೂ ನಿಮಗೆ ಕರೆ ಮಾಡಿದರೆ, ಅದು ಮೊದಲು ಊರಿನ ಮನೆಯ ಬಾಗಿಲು ತಟ್ಟಿ, ಅವರು ಇಲ್ಲಿಲ್ಲ ಎಂದು ತಿಳಿದುಕೊಂಡು, ಅಲ್ಲಿಂದ ನೀವಿರುವ ದೇಶಕ್ಕೆ ಹೊರಡುತ್ತದೆ. ಊರಿನಿಂದ ನಿಮ್ಮವರೆಗಿನ ಆ ದಾರಿಯ ಖರ್ಚು ನಿಮ್ಮದು.

ಇದನ್ನು ನಾನು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ. ನ್ಯೂಜೆರ್ಸಿಯ ಎಡಿಸನ್ನಿನ ಒಂದು ದೊಡ್ಡ ಅಂಗಡಿಯಲ್ಲಿ, ಅಕ್ಕಿ ಮೂಟೆಗಳ ಪಕ್ಕ ನಿಂತು ಕಲಿತದ್ದು. ಮಗನನ್ನು ನೋಡಲು ಹೋಗಿದ್ದೆವು. ಬ್ಯಾಂಕಿನವರು ಯಾವಾಗ ಬೇಕಾದರೂ ಕರೆಯಬಹುದು ಎಂದು ಇವರು ಠೇವಣಿ ಕಟ್ಟಿ ಇಬ್ಬರ ನಂಬರಿಗೂ ರೋಮಿಂಗ್ ಹಾಕಿಸಿದ್ದರು. ನಿವೃತ್ತರಾದವರನ್ನು ಬ್ಯಾಂಕು ಯಾಕೆ ಕರೆಯುತ್ತದೆ ಎಂದು ನಾನು ಕೇಳಲು ಹೋಗಲಿಲ್ಲ. ಆ ಅಂಗಡಿಯಲ್ಲಿ ನಾನು ಸೋಪಿನ ಪುಡಿಯ ಸಾಲಿನಲ್ಲಿದ್ದೆ. ಇವರು ಪಕ್ಕದ ಸಾಲಿನಲ್ಲಿ ಸೋನಾಮಸೂರಿಯ ಬೆಲೆಯನ್ನು ರೂಪಾಯಿಗೆ ಗುಣಿಸುತ್ತಿದ್ದವರು, ನಾನು ಕಾಣದೆ ಗಾಬರಿಯಾಗಿ ಕರೆ ಮಾಡಿದರು.

"ಎಲ್ಲಿದ್ದೀಯೇ?"

"ಇಲ್ಲೇ."

ನನ್ನ 'ಇಲ್ಲೇ' ಇವರಿಗೆ ಎರಡು ಸಲ ಕೇಳಿಸಿತಂತೆ. ಮೊದಲು ಸೋಪಿನ ಡಬ್ಬಗಳ ಮೇಲಿನಿಂದ ನೇರವಾಗಿ, ಸ್ವಲ್ಪ ತಡೆದು ಫೋನಿನಿಂದ. ಆ ತಡದಲ್ಲಿ ಇಡೀ ರೋಮಿಂಗ್ ವಿದ್ಯೆ ಅಡಗಿತ್ತು ಎಂದು ಮಗ ಆಮೇಲೆ ವಿವರಿಸಿದ. ಇವರ ಕರೆ ಎಡಿಸನ್ನಿನಿಂದ ಬೆಂಗಳೂರಿಗೆ ಹೋಗಿ ನನ್ನನ್ನು ಹುಡುಕಿ, ನಾನು ಎಡಿಸನ್ನಿನಲ್ಲಿರುವುದು ಗೊತ್ತಾಗಿ ಮತ್ತೆ ಬಂದಿತ್ತು. ಒಂದು ಕಡೆಗೆ ಸುಮಾರು 13,000 ಕಿಲೋಮೀಟರ್. ಹೋಗುವ ದಾರಿಯ ದುಡ್ಡು ಇವರಿಗೆ, ಬರುವ ದಾರಿಯದು ನನಗೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಇವರು ನನ್ನನ್ನು ಹುಡುಕಿಕೊಂಡು ಅಷ್ಟು ದೂರ ಹೋದದ್ದು ಅದೇ ಮೊದಲು. ನಾನು ಹಾಗಂದೆ. ಇವರಿಗೆ ನಗು ಬರಲಿಲ್ಲ. ಅವರಾಗಲೇ ಅರವತ್ತೊಂದನೇ ಸೆಕೆಂಡಿಗೆ ಎರಡನೇ ನಿಮಿಷದ ದುಡ್ಡು ಬೀಳುತ್ತದೆಯೋ ಇಲ್ಲವೋ ಎಂಬ ಯೋಚನೆಯಲ್ಲಿದ್ದರು. ಆಮೇಲಿಂದ ಐವತ್ತೆಂಟನೇ ಸೆಕೆಂಡಿಗೆ ಸರಿಯಾಗಿ ಕರೆ ಕತ್ತರಿಸುವ ಅಭ್ಯಾಸ ಅವರಿಗೆ ಬಂತು. ಎಷ್ಟೋ ನೆಂಟರ ಕ್ಷೇಮಸಮಾಚಾರ ಇಂದಿಗೂ ಅರ್ಧದಲ್ಲೇ ನಿಂತಿದೆ.

ಮಾತಿಗಿಂತ ಮೋಸದ್ದು ಡೇಟಾ. ಅಮೆರಿಕದ ಕಂಪನಿಯೊಂದು ಹೊರದೇಶಕ್ಕೆ ಹೋದ ತನ್ನ ಗಿರಾಕಿಗಳಿಂದ ಕಿಲೋಬೈಟಿಗೆ 0.0195 ಡಾಲರ್ ತೆಗೆದುಕೊಳ್ಳುತ್ತಿತ್ತು. ಓದಲು ಎಷ್ಟು ಪುಟ್ಟ ಅಂಕಿ! ಅದನ್ನು 1,024ರಿಂದ ಗುಣಿಸಿದರೆ ಒಂದು ಎಂಬಿಗೆ ಹತ್ತಿರ ಹತ್ತಿರ 20 ಡಾಲರ್. ಇಂದಿನ ಲೆಕ್ಕದಲ್ಲಿ ಸೋದರಮಾವ ದಿನಾ ಬೆಳಗ್ಗೆ ಕಳಿಸುವ ಗುಲಾಬಿ ಹೂವಿನ ಶುಭೋದಯದ ವಿಡಿಯೊ ಒಂದಕ್ಕೇ ಮನೆ ಮಾರಬೇಕಾಗುತ್ತಿತ್ತು. ನಯಾಗರಾದಲ್ಲಿ ಜಲಪಾತ ನೋಡುವವರಿಗಿಂತ ಫೋನು ನೋಡಿಕೊಳ್ಳುವವರೇ ಹೆಚ್ಚಿದ್ದರು. ನದಿಯ ಆಚೆ ದಡ ಕೆನಡಾ. ನಾವು ಅಮೆರಿಕದ ದಡದಲ್ಲೇ ನಿಂತಿದ್ದರೂ ಫೋನು ವೀಸಾ ಇಲ್ಲದೆ ಅತ್ತ ಹೋಗಿ, ಕೆನಡಾಕ್ಕೆ ಸ್ವಾಗತ ಎನ್ನುತ್ತಿತ್ತು.

ಮಗ ಒಂದು ದಾರಿ ತೋರಿಸಿದ. ಬೀಗವಿಲ್ಲದ ಫೋನಿದ್ದರೆ ರೋಮಿಂಗ್ ಯಾಕೆ, ಇಲ್ಲಿಯದೇ ಅಗ್ಗದ ಸಿಮ್ ಹಾಕಿಕೊಳ್ಳಿ ಎಂದ. ಆಗ ನನಗೆ ಹೊಳೆಯಿತು, ಬೀಗವೂ ರೋಮಿಂಗೂ ಒಂದೇ ತಾಯಿಯ ಮಕ್ಕಳು. ಬೀಗ ಇದ್ದರೆ ತಾನೇ ಪ್ರಯಾಣಿಕ ಗತಿಯಿಲ್ಲದೆ ರೋಮಿಂಗಿಗೆ ಕೈಯೊಡ್ಡುವುದು? ಗಾಂಧಿನಗರದಲ್ಲಿ ಬಿಡುಗಡೆಯಾದ ನಮ್ಮ ನೋಕಿಯಾ ಬೀಗ ಹಾಕಿಸಿಕೊಂಡಿದ್ದ ನಾಡಿನಲ್ಲೇ, ತನ್ನ ಹಳೆಯ ಕಂಪನಿಯ ಎದುರಾಳಿಯ ಸಿಮ್ ಹಾಕಿಕೊಂಡು ಸಂತೋಷವಾಗಿ ಓಡಾಡಿತು. ಬೆಂಗಳೂರಿನ ಸಿಮ್ಮನ್ನು ನಾನು ಕಳೆದುಹೋಗದಿರಲಿ ಎಂದು ಕುಂಕುಮದ ಭರಣಿಯಲ್ಲಿ ಹಾಕಿಟ್ಟೆ. ಇವರು ರಾತ್ರಿ ಮಲಗುವ ಮುಂಚೆ ಅದನ್ನು ತೆಗೆದು, ಅರಿಶಿನ ಕುಂಕುಮ ಒರೆಸಿ, ಫೋನಿಗೆ ಹಾಕಿ, ಬ್ಯಾಂಕಿನವರು ಏನಾದರೂ ಎಸ್ಸೆಮ್ಮೆಸ್ ಕಳಿಸಿದ್ದಾರಾ ಎಂದು ನೋಡಿ ಮತ್ತೆ ಭರಣಿಗೆ ಸೇರಿಸುವರು. ಬ್ಯಾಂಕಿನವರು ಒಂದೂ ಕಳಿಸಲಿಲ್ಲ.

ರೋಮಿಂಗಿನ ಮೇಲೆ ಯುದ್ಧ ಸಾರಿದವರು ಯೂರೋಪಿನವರು. ಒಂದು ಊಟದ ಹೊತ್ತಿಗೆ ಮೂರು ದೇಶ ದಾಟಬಹುದಾದ ಕಡೆ ರೋಮಿಂಗ್ ಅಂದರೆ ಏನು ಗತಿ! 2007ರಲ್ಲಿ ಯೂರೋಪಿನ ಆಯುಕ್ತೆ ವಿವಿಯಾನ್ ರೆಡಿಂಗ್ ಕಂಪನಿಗಳ ಕೈ ಹಿಡಿದು, ಮಾಡುವ ಕರೆಗೆ ನಿಮಿಷಕ್ಕೆ 49 ಸೆಂಟ್, ಬರುವ ಕರೆಗೆ 24 ಸೆಂಟ್, ತೆರಿಗೆ ಬೇರೆ, ಅದಕ್ಕಿಂತ ಹೆಚ್ಚಿಲ್ಲ ಎಂದು ಗೆರೆ ಎಳೆಯಿಸಿದರು. ಗೆರೆ ವರ್ಷವರ್ಷವೂ ಇಳಿಯುತ್ತಾ ಬಂದು, 2017ರ ಜೂನ್ 15ರಂದು ಒಕ್ಕೂಟದೊಳಗೆ ರೋಮಿಂಗ್ ಶುಲ್ಕವೇ ಹೋಯಿತು. ನಮ್ಮ ಬಿಎಸ್ಸೆನ್ನೆಲ್‌ನದೂ ಜೂನ್ 15, ಎರಡು ವರ್ಷ ಮೊದಲು. ಈ ಒಂದು ವಿಷಯದಲ್ಲಾದರೂ ನಾವು ಯೂರೋಪಿಗಿಂತ ಮುಂದಿದ್ದೆವು ಎಂದು ಇವರು ವಾಕಿಂಗ್ ಗೆಳೆಯರಿಗೆಲ್ಲ ಹೇಳಿಕೊಂಡು ಬಂದರು. ಅಷ್ಟರಲ್ಲಿ ವಾಟ್ಸ್ಯಾಪ್ ಕರೆಯೂ ಬಂದು ನಿಮಿಷದ ಲೆಕ್ಕವೇ ಅಳಿಸಿಹೋಗಿತ್ತು. ದುಬೈಯಲ್ಲಿ ದುಡಿಯುವ ನಮ್ಮ ಮಂಗಳೂರು, ಭಟ್ಕಳದ ಮಕ್ಕಳಿಗೆ ಮಾತ್ರ ಅಲ್ಲಿನ ಸರ್ಕಾರ ವಾಟ್ಸ್ಯಾಪಿನಲ್ಲಿ ಮಾತಾಡಲು ಬಿಡದೆ, ಬೇರೆ ಆ್ಯಪಿಗೆ ದುಡ್ಡು ಕಟ್ಟಿ ಅಮ್ಮನ ಮುಖ ನೋಡಬೇಕಾಯಿತು.

ಈಗ ಮಗನ ಕೈಯಲ್ಲಿರುವ ಫೋನಿಗೆ ಬೀಗವಿಲ್ಲ. ಪೂರ್ತಿ ದುಡ್ಡು ಕೊಟ್ಟು ತೆಗೆದುಕೊಂಡದ್ದು. ಅಮೆರಿಕದ ಸಿಮ್ಮಿಗೆ ಮೈಯೇ ಇಲ್ಲ, ಅದು ಫೋನಿನೊಳಗೇ ಹುಟ್ಟುವ ಇ-ಸಿಮ್ಮು. ಆದರೆ ಪಕ್ಕದ ಸಂದಿನಲ್ಲಿ ಒಂದು ಬೆರಳುಗುರಿನಷ್ಟು ಪ್ಲಾಸ್ಟಿಕ್ಕು ಇದೆ. ಅವನು ಪಿಯುಸಿ ಮುಗಿಸಿದ ವರ್ಷ ಇವರೇ ಫಾರಂ ತುಂಬಿ, ಫೋಟೊ ಅಂಟಿಸಿ ಕೊಡಿಸಿದ ಬೆಂಗಳೂರಿನ ನಂಬರು. ಆ ನಂಬರಿನಿಂದ ಅವನು ಯಾರಿಗೂ ಕರೆ ಮಾಡುವುದಿಲ್ಲ. ಗೆಳೆಯರು ಯಾರೂ ಅದಕ್ಕೆ ಕರೆ ಮಾಡುವುದಿಲ್ಲ. ಆದರೆ ಬ್ಯಾಂಕಿಗೆ, ಆಧಾರಿಗೆ, ಆದಾಯ ತೆರಿಗೆಗೆ, ಪಿಎಫ್ಫಿಗೆ ಅವನೆಂದರೆ ಆ ನಂಬರೇ. ಏನೇ ಕೆಲಸವಿರಲಿ ಆರು ಅಂಕಿಯ ಒಟಿಪಿ ಅದಕ್ಕೇ ಬರಬೇಕು. ಬೀಗ ಹೋಯಿತೆಂದು ನಾವು ಖುಷಿಪಟ್ಟೆವು. ಅದು ಫೋನಿನಿಂದ ಇಳಿದು ನಂಬರಿನ ಮೇಲೆ ಕೂತಿತ್ತು.

ಈ ನಂಬರನ್ನು ಜೀವಂತ ಇಡುವುದು ಇವರ ಪಾಲಿನ ನಿತ್ಯಕರ್ಮ. ಪ್ರೀಪೇಯ್ಡ್ ನಂಬರು ತೊಂಬತ್ತು ದಿನ ಉಪಯೋಗಕ್ಕೆ ಬಾರದೆ ಬಿದ್ದಿದ್ದರೆ ಕಂಪನಿ ಅದನ್ನು ಕಿತ್ತುಕೊಂಡು ಇನ್ನೊಬ್ಬರಿಗೆ ಕೊಡಬಹುದು. ಮಗನ ಒಟಿಪಿ ಬಳ್ಳಾರಿಯ ಯಾರದೋ ಜೇಬಿನಲ್ಲಿ ಕುಣಿಯುವ ದೃಶ್ಯ ಇವರ ನಿದ್ದೆ ಕೆಡಿಸುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಹರ ಚತುರ್ಥಿಗಳ ನಡುವೆ 'ಮಗನ ಕರೆನ್ಸಿ' ಎಂದು ಕೆಂಪು ಶಾಯಿಯಲ್ಲಿ ಗುರುತು. 2023ರ ಜನವರಿಯಲ್ಲಿ ಅಮೆರಿಕವೂ ಸೇರಿ ಹತ್ತು ದೇಶಗಳ ನಂಬರಿನಿಂದಲೇ ಅನಿವಾಸಿಗಳು ಯುಪಿಐ ಬಳಸಬಹುದು ಎಂದಾಯಿತು. ನಾನು ಮಗನಿಗೆ ಹೇಳಿದೆ, ಎಲ್ಲ ಕಡೆಯೂ ಅಲ್ಲಿಯ ನಂಬರೇ ಕೊಟ್ಟು ಇದನ್ನು ಬಿಟ್ಟುಬಿಡೋ, ಅಪ್ಪನಿಗೂ ತಾಪತ್ರಯ ತಪ್ಪುತ್ತೆ ಎಂದು. ಅವನು "ಮಾಡ್ತೀನಮ್ಮ" ಎಂದ. ಮಾಡಿಲ್ಲ. ಕೇಳಿದಾಗಲೆಲ್ಲ "ಇರಲಿ ಬಿಡಮ್ಮ" ಎನ್ನುತ್ತಾನೆ. ಇವರು ಪಕ್ಕದಿಂದ, "ಇರಲಿ ಬಿಡೇ, ನನಗೇನು ತಾಪತ್ರಯ" ಎನ್ನುತ್ತಾರೆ. ಐವತ್ತೆಂಟನೇ ಸೆಕೆಂಡಿನ ಮನುಷ್ಯ!

ಹೋದ ಚಳಿಗಾಲದಲ್ಲಿ ಬ್ಯಾಂಕಿನವರ ಕೆವೈಸಿ ಕರೆ ಬರುವುದಿದೆ ಎಂದು ಅವನು ಆ ನಂಬರಿಗೆ ರೋಮಿಂಗ್ ಪ್ಯಾಕ್ ಹಾಕಿಕೊಂಡಿದ್ದ. ಅಲ್ಲಿಯ ಮಧ್ಯರಾತ್ರಿ ಫೋನು ಬಂತು. ಬ್ಯಾಂಕಲ್ಲ.

"ನಮಸ್ಕಾರ ಸರ್, ದೇವನಹಳ್ಳಿ ಹತ್ರ ಸೈಟ್ ಇದೆ, ಎರಡು ನಿಮಿಷ ಮಾತಾಡಬಹುದಾ ಸರ್?"

ಬೆಂಗಳೂರಿನಲ್ಲಿರುವ ಯಾರೇ ಆದರೂ 'ದೇವನ' ಅನ್ನುವಷ್ಟರಲ್ಲಿ ಕಟ್ ಮಾಡುತ್ತಾರೆ. ಇವನು ಮಾತಾಡಿದ. ಪ್ಯಾಕಿನ ನಿಮಿಷಗಳು ಕರಗುತ್ತಿರುವುದು ಗೊತ್ತಿದ್ದೂ ಮಾತಾಡಿದ. ಎ ಖಾತಾನೋ ಬಿ ಖಾತಾನೋ, ಕಾವೇರಿ ನೀರು ಬರುತ್ತಾ, ಬಸ್ಸು ಎಷ್ಟು ದೂರ ಎಂದೆಲ್ಲ ವಿಚಾರಿಸಿದ. ಕರೆ ಮಾಡಿದ ಹುಡುಗಿಯ ಊರು ಚಿಂತಾಮಣಿ ಅಂತೆ. ಅಲ್ಲಿ ಈ ಸಲ ಮಳೆ ಹೇಗೆ ಎಂದೂ ಕೇಳಿದನಂತೆ. ಅಷ್ಟು ಮರ್ಯಾದೆಯಿಂದ ಮಾತಾಡಿದ ಗಿರಾಕಿಯನ್ನು ಅವಳು ಬಿಟ್ಟಾಳೆಯೇ? "ಭಾನುವಾರ ಸೈಟ್ ವಿಸಿಟ್‌ಗೆ ಗಾಡಿ ಕಳಿಸ್ತೀವಿ ಸರ್, ಅಡ್ರೆಸ್ ಹೇಳಿ" ಎಂದಳು. ಬಾಯಿಗೆ ಬಂದದ್ದು ನಮ್ಮ ಮನೆಯ ಅಡ್ರೆಸ್ಸು.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಬಿಳಿಯ ಕಾರು ಗೇಟಿನ ಮುಂದೆ ನಿಂತು ಹಾರ್ನ್ ಹೊಡೆಯಿತು. ಮಗನ ಹೆಸರು ಹೇಳಿ, ಸರ್ ಇದ್ದಾರಾ ಎಂದರು. ವಿಷಯ ತಿಳಿದು ನಾನು ಡ್ರೈವರಿಗೆ ಕ್ಷಮೆ ಕೇಳಿ ಕಳಿಸುವವಳಿದ್ದೆ. ಅಷ್ಟರಲ್ಲಿ ಇವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಪುಕ್ಕಟೆ ಗಾಡಿ ಎಂದು ಕೂತೇಬಿಟ್ಟಿದ್ದರು. ಹೋಗಿ ನೋಡಿದೆವು. ಕೆಂಪು ಮಣ್ಣು, ಸುಣ್ಣದ ಗೆರೆ, ನಾಲ್ಕು ಕಲ್ಲು. ಕೊಳ್ಳುವುದಿಲ್ಲ ಎಂದು ನಮಗೂ ಗೊತ್ತು, ತಿಂಡಿ ಕೊಡಿಸಿದ ಮ್ಯಾನೇಜರಿಗೂ ಅರ್ಧ ಗೊತ್ತಾಗಿತ್ತು. ಆದರೂ ಕಸುಬು ಬಿಡಬಾರದಲ್ಲ, ರಿಜಿಸ್ಟರು ತೆಗೆದು, ಮಗನ ನಂಬರು ಓದಿ, "ಸರ್ ಹೊರದೇಶದಲ್ಲಿರ್ತಾರೆ ಅಂದ್ರಿ. ಮುಂದೆಯೂ ಈ ನಂಬರಿಗೇ ಕಾಲ್ ಮಾಡಬಹುದಾ ಸರ್, ಇದು ಇರುತ್ತಾ?" ಎಂದು ಕೇಳಿದ.

"ಧಾರಾಳವಾಗಿ ಮಾಡಿ" ಅಂದರು ಇವರು. "ಪೂರ್ತಿ ವರ್ಷದ ಕರೆನ್ಸಿ ಹಾಕಿಸಿದ್ದೀನಿ."